ಹಬ್ ಲಾಕ್ ಮಾಡಬೇಕಾದ ಹೊತ್ತು

ಉಡುಪಿಯಲ್ಲಿ ನನ್ನ ಹಳೆಯ ಜಿಪ್ಸಿಯನ್ನು ಎಲ್ಲಿಯಾದರೂ ನಿಲ್ಲಿಸಿದಾಗ, ಅದರ ಮುಂದಿನ ಎರಡು ಚಕ್ರಗಳ ನಟ್ಟನಡುವೆ ಇರುವ, ‘ಫ್ರೀ’ ಮತ್ತು ‘ಲಾಕ್’ ಎಂಬ ಗುರುತುಗಳುಳ್ಳ ನಾಬ್‌ಗಳನ್ನು ಕಂಡು ಅದೇನೆಂದು ವಿಚಾರಿಸುವವರು ಈಗಲೂ ಇದ್ದಾರೆ. ಇಂದಿನ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಸೀಟಿನಲ್ಲಿ ಕುಳಿತಲ್ಲಿಂದಲೇ ಮುಗಿಯುವ ಕೆಲಸದ ಅರ್ಧವನ್ನು ಇಲ್ಲಿ ಚಾಲಕ ಕೆಳಗಿಳಿದು, ಬಗ್ಗಿ, ಕೈಯಿಂದ ಮಾಡಬೇಕು. ಈ ಗಾಡಿಯನ್ನು ಮಣಿಪಾಲದ ಭಾವನವರ ಜೊತೆಗೂಡಿ ಜನವರಿಯ ಚಳಿಯಲ್ಲಿ ಮನಾಲಿಗೂ, ಅಟಲ್ ಸುರಂಗದ ಆಚೆಯ ಲಾಹೌಲ್ ಕಣಿವೆಗೂ ಒಯ್ದು ಬಂದ ಮೇಲೆ, ಈ ಪುಟ್ಟ ನಾಬ್‌ಗಳ ಬಗ್ಗೆ ವಿವರವಾಗಿ ಬರೆಯಬೇಕೆನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಬ್ (ಚಕ್ರದ ನಡುಭಾಗ) ಲಾಕ್ ಮಾಡಬೇಕಾದದ್ದು, ಅಂದರೆ ಈ ನಾಬ್‌ಗಳನ್ನು ‘ಲಾಕ್’ಗೆ ತಿರುಗಿಸಬೇಕಾದದ್ದು, ಹಿಮದಲ್ಲಿ ಚಕ್ರ ಹೂತ ಮೇಲಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಒಣನೆಲದ ಮೇಲೆ. ಒಮ್ಮೆ ಲಾಕ್ ಮಾಡಿದರೆ ಆ ದಿನದ ಓಡಾಟ ಮುಗಿಯುವವರೆಗೂ ಅದು ಹಾಗೆಯೇ ಇರಬೇಕು.

ಇದಕ್ಕೆ ಕಾರಣ ತಿಳಿಯಬೇಕಾದರೆ ಹಬ್‌ನ ಒಳಗೆ ನಡೆಯುವುದೇನು ಎಂಬುದನ್ನು ನೋಡಬೇಕಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೇನೆಯ ಜೀಪುಗಳು ಸಾಮಾನ್ಯ ಜನರ ಕೈಗೆ ಬಂದವು. ಅವುಗಳ ಮುಂದಿನ ಚಕ್ರಗಳು ಆಕ್ಸೆಲ್‌ಗೆ ಕಾಯಂ ಆಗಿ ಜೋಡಣೆಯಾಗಿದ್ದುದರಿಂದ, ಟಾರು ರಸ್ತೆಯಲ್ಲಿ ಹಿಂದಿನ ಚಕ್ರಗಳಷ್ಟರಿಂದಲೇ ಓಡುವಾಗಲೂ ಮುಂದಿನ ಆಕ್ಸೆಲ್ ಶಾಫ್ಟ್, ಕ್ರೌನ್ (ಆಕ್ಸೆಲ್‌ನ ನಡುವಿನ ದೊಡ್ಡ ಗೇರು), ಪ್ರೊಪೆಲರ್ ಶಾಫ್ಟ್ (ಎಂಜಿನ್ನಿನ ಬಲವನ್ನು ಆಕ್ಸೆಲ್‌ಗೆ ಒಯ್ಯುವ ಉದ್ದನೆಯ ದಂಡ) ಎಲ್ಲವೂ ಕೆಲಸವಿಲ್ಲದೆ ತಿರುಗುತ್ತಿದ್ದವು. 1948ರಲ್ಲಿ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ ಎಂಬವರು ಆರಂಭಿಸಿದ ಉದ್ಯಮ ಇದಕ್ಕೆ ಪರಿಹಾರವಾಗಿ ಲಾಕಿಂಗ್ ಹಬ್‌ಗಳನ್ನು ತಯಾರಿಸಿತು. ಅದರ ತತ್ತ್ವ ಸರಳ. ಚಕ್ರದ ಹಬ್‌ನ ಒಳಮೈಯಲ್ಲೂ ಆಕ್ಸೆಲ್ ಶಾಫ್ಟ್‌ನ ತುದಿಯಲ್ಲೂ ಹಲ್ಲುಗಳಿರುತ್ತವೆ. ಅವೆರಡರ ನಡುವೆ ಜಾರುವ ಒಂದು ಉಂಗುರ ಇರುತ್ತದೆ. ನಾಬ್ ತಿರುಗಿಸಿದಾಗ ಸ್ಪ್ರಿಂಗಿನ ಬಲದಿಂದ ಆ ಉಂಗುರ ಸರಿದು ಎರಡೂ ಕಡೆಯ ಹಲ್ಲುಗಳನ್ನು ಕೂಡಿಸುತ್ತದೆ. ಫ್ರೀ ಮಾಡಿದಾಗ ಅದು ಹಿಂದೆ ಸರಿಯುತ್ತದೆ. ಆಗ ಚಕ್ರ ತನ್ನ ಬೇರಿಂಗ್ ಮೇಲೆ ತಾನೇ ಉರುಳುತ್ತದೆ, ಶಾಫ್ಟ್ ನಿಂತಲ್ಲೇ ನಿಂತಿರುತ್ತದೆ. ಉಡುಪಿಯಿಂದ ಮನಾಲಿಗೆ ಇರುವ 2,500 ಕಿಲೋಮೀಟರಿಗೂ ಮೀರಿದ ದಾರಿಯ ಬಹುಪಾಲಿನಲ್ಲಿ ನಮ್ಮ ಗಾಡಿಯ ಮುಂದಿನ ಆಕ್ಸೆಲ್ ಹೀಗೆ ವಿಶ್ರಾಂತಿಯಲ್ಲಿತ್ತು. ಸದ್ದು ಕಡಿಮೆ, ಸವೆತ ಕಡಿಮೆ, ಪೆಟ್ರೋಲಿನಲ್ಲಿಯೂ ತುಸು ಉಳಿತಾಯ.

ಹಬ್ ಮತ್ತು ಲಿವರ್ ಎರಡೂ ಬೇರೆ ಬೇರೆ ಕೆಲಸ ಮಾಡುತ್ತವೆ ಎಂಬುದು ಅನೇಕರಿಗೆ ಸ್ಪಷ್ಟವಿರುವುದಿಲ್ಲ. ಗೇರ್ ಲಿವರಿನ ಪಕ್ಕದಲ್ಲಿರುವ ಸಣ್ಣ ಲಿವರ್ ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳಿಗೆ ಹಂಚುವ ಗೇರುಪೆಟ್ಟಿಗೆಗೆ ಸೇರಿದ್ದು. ಅದರಲ್ಲಿ ಟು ಹೈ (ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲ), ಫೋರ್ ಹೈ (ನಾಲ್ಕೂ ಚಕ್ರಗಳಿಗೆ), ಫೋರ್ ಲೋ (ನಾಲ್ಕೂ ಚಕ್ರಗಳಿಗೆ, ನಿಧಾನ ವೇಗದಲ್ಲಿ ಹೆಚ್ಚು ಬಲ) ಎಂಬ ಸ್ಥಾನಗಳಿರುತ್ತವೆ. ಎಂಜಿನ್ನಿನ ಬಲವನ್ನು ಮುಂದಿನ ಪ್ರೊಪೆಲರ್ ಶಾಫ್ಟ್‌ಗೆ ಕಳುಹಿಸಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಆ ಲಿವರ್. ಕಳುಹಿಸಿದ ಬಲ ಕೊನೆಗೆ ಚಕ್ರವನ್ನು ಮುಟ್ಟಬೇಕೇ ಎಂಬುದನ್ನು ತೀರ್ಮಾನಿಸುವುದು ಹಬ್. ಲಿವರ್ ಫೋರ್ ಹೈನಲ್ಲಿದ್ದು ಹಬ್ ಫ್ರೀ ಆಗಿದ್ದರೆ ಮುಂದಿನ ಶಾಫ್ಟುಗಳು ಬರಿದೇ ತಿರುಗುತ್ತವೆ, ಚಕ್ರ ಎಳೆಯುವುದಿಲ್ಲ. ಒಂದು ಬದಿಯ ಹಬ್ ಮಾತ್ರ ಲಾಕ್ ಆಗಿದ್ದರೂ ಫಲಿತಾಂಶ ಅದೇ. ಡಿಫರೆನ್ಶಿಯಲ್ (ಬೇರೆ ಬೇರೆ ವೇಗದಲ್ಲಿ ತಿರುಗಲು ಎರಡು ಕಡೆಗೂ ಅವಕಾಶ ಕೊಡುವ ಗೇರುಗಳ ಜೋಡಣೆ) ತನಗೆ ಬಂದ ಬಲವನ್ನೆಲ್ಲ ತಡೆಯಿಲ್ಲದ ಬದಿಯ ಶಾಫ್ಟನ್ನು ತಿರುಗಿಸುವುದಕ್ಕೆ ಕಳೆದುಬಿಡುತ್ತದೆ. ಇಷ್ಟಾದರೂ ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಉರಿಯುತ್ತಲೇ ಇರುತ್ತದೆ, ಏಕೆಂದರೆ ಆ ದೀಪಕ್ಕೆ ಗೊತ್ತಿರುವುದು ಲಿವರಿನ ಸ್ಥಾನ ಮಾತ್ರ. ಫೋರ್ ಲೋದಲ್ಲಿ ಹೀಗಾದರೆ ಇನ್ನೂ ಅಪಾಯ. ನಾಲ್ಕು ಚಕ್ರಗಳು ಹಂಚಿಕೊಳ್ಳಬೇಕಾದ ಬಲವೆಲ್ಲ ಹಿಂದಿನ ಆಕ್ಸೆಲ್ ಒಂದರ ಮೇಲೆ ಬಿದ್ದು, ಅದರ ಶಾಫ್ಟ್ ತುಂಡಾಗುವ ಸಾಧ್ಯತೆ ಇರುತ್ತದೆ.

ಹಾಗಿದ್ದರೆ ವರ್ಷವಿಡೀ ಎಲ್ಲವನ್ನೂ ಜೋಡಿಸಿಟ್ಟು ಫೋರ್ ಹೈನಲ್ಲೇ ಓಡಿಸಬಾರದೇಕೆ ಎಂದು ಕೇಳಬಹುದು. ಈ ಬಗೆಯ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಫೋರ್ ಹೈ ಹಾಕಿದ ಕ್ಷಣ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಹತ್ತಿದವರಿಗೆ ಇದನ್ನು ಲೆಕ್ಕ ಹಾಕಿ ತೋರಿಸುವುದು ಸುಲಭ. ಜಿಪ್ಸಿಯ ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ನಡುವಣ ಅಂತರ 2,375 ಮಿಲಿಮೀಟರ್. ಬಿಗಿಯಾದ ತಿರುವೊಂದರಲ್ಲಿ ಹಿಂದಿನ ಆಕ್ಸೆಲ್‌ನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಮುಂದಿನದರ ನಡುಭಾಗ ಸುಮಾರು 6.45 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ರಸ್ತೆ ಪೂರ್ತಿ ಹಿಂದಕ್ಕೆ ಮಡಚಿಕೊಂಡಾಗ ಇವೆರಡರ ದಾರಿಯಲ್ಲಿ ಸುಮಾರು 1.4 ಮೀಟರ್ ವ್ಯತ್ಯಾಸ ಬರುತ್ತದೆ. ಈ ವ್ಯತ್ಯಾಸ ಎಲ್ಲಾದರೂ ತೀರಬೇಕು. ಆಷಾಢದ ಕೆಸರಿನಲ್ಲಿಯೋ ಹಿಮದಲ್ಲಿಯೋ ಆದರೆ ಟೈರು ತುಸು ಜಾರಿ ಅದು ತೀರಿಹೋಗುತ್ತದೆ. ಚಾಲಕನ ಗಮನಕ್ಕೂ ಬರುವುದಿಲ್ಲ. ಒಣ ಟಾರಿನ ಮೇಲೆ ಟೈರು ಜಾರಲೊಲ್ಲದು. ಆಗ ಶಾಫ್ಟುಗಳು, ಗೇರುಗಳು ತಿರುಚಿದ ಹಗ್ಗದಂತೆ ಬಿಗಿದುಕೊಳ್ಳುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ ಕಚ್ಚಿಕೊಂಡು ಹಿಂದಕ್ಕೆ ಬರುವುದಿಲ್ಲ. ಅಂಥ ಸಂದರ್ಭದಲ್ಲಿ ಲಿವರಿನ ಮೇಲೆ ಬಲ ಹಾಕುವ ಬದಲು ಗಾಡಿಯನ್ನು ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ತೆಗೆದುಕೊಂಡರೆ ಬಿಗಿ ತಾನಾಗಿ ಸಡಿಲಗೊಳ್ಳುತ್ತದೆ.

ನಮ್ಮ ಕರಾವಳಿಯಲ್ಲಿ ಈ ಗಾಡಿಗಳ ಪರೀಕ್ಷೆ ನಡೆಯುವುದು ಮಳೆಗಾಲದಲ್ಲಿ. ಕೊಲ್ಲೂರಿನ ಕಡೆಯಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಜೀಪುಗಳನ್ನು ಕಂಡವರಿಗೆ, ಕೆಂಪು ಮಣ್ಣು ನೀರು ಕುಡಿದ ಮೇಲೆ ಎಷ್ಟು ಜಾರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಕಾರ್ಕಳ, ಹೆಬ್ರಿಯ ಒಳಭಾಗದ ತೋಟದ ದಾರಿಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಬ್ ಲಾಕ್ ಮಾಡಿಯೇ ಓಡಾಡುವುದು ನನ್ನ ರೂಢಿ. ಆದರೆ ಕೆಸರಿಗೂ ಹಿಮಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕೆಸರಿನ ದಾರಿ ಆರಂಭವಾದರೆ ತೋಟ ಮುಟ್ಟುವವರೆಗೂ ಕೆಸರೇ. ಚಳಿಗಾಲದ ಪರ್ವತದ ರಸ್ತೆ ಹಾಗಲ್ಲ. ಬಿಸಿಲು ಬಿದ್ದ ಕಡೆ ಒಣ ಟಾರು, ಗುಡ್ಡದ ನೆರಳು ಬಿದ್ದ ಕಡೆ ಗಾಜಿನಂಥ ಮಂಜುಗಡ್ಡೆ, ಮತ್ತೆ ನೂರು ಮೀಟರ್ ಒಣ ರಸ್ತೆ, ಮುಂದಿನ ತಿರುವಿನಲ್ಲಿ ತುಳಿದು ಗಟ್ಟಿಯಾದ ಹಿಮ. ಅಲ್ಲಿ ಫೋರ್ ಹೈ ಹಾಕುವುದೂ ತೆಗೆಯುವುದೂ ಮತ್ತೆ ಮತ್ತೆ ಬರುವ ಕೆಲಸ.

ಮನಾಲಿಯಲ್ಲಿ ನಾವು ಉಳಿದಿದ್ದ ಮನೆಯ ಅಂಗಳದಲ್ಲಿ ಬೆಳಿಗ್ಗೆ ನಾನು ಹಬ್ ಲಾಕ್ ಮಾಡುತ್ತಿದ್ದಾಗ ಭಾವನವರು ಕೇಳಿದರು: “ಇಲ್ಲಿ ರಸ್ತೆ ಒಣಗಿಯೇ ಉಂಟಲ್ಲ ಭಾವ, ಈಗಲೇ ಯಾಕೆ? ಹಿಮ ಸಿಕ್ಕಿದಲ್ಲಿ ನಿಲ್ಲಿಸಿ ಮಾಡಿದರೆ ಆಗುವುದಿಲ್ಲವಾ?” ಅವರ ಪ್ರಶ್ನೆಗೆ ಉತ್ತರ ಸೊಲಾಂಗ್ ದಾಟಿದ ಮೇಲೆ ರಸ್ತೆಯೇ ಕೊಟ್ಟಿತು. ಸುರಂಗದ ದಕ್ಷಿಣ ದ್ವಾರದವರೆಗೆ ಏರುರಸ್ತೆಯ ಮೇಲೆ ಹಿಮ. ಅಲ್ಲಿ ಫೋರ್ ಹೈ ಬೇಕು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಅಟಲ್ ಸುರಂಗದ ಉದ್ದ 9.02 ಕಿಲೋಮೀಟರ್, ಒಳಗೆ ಹಿಮವಿಲ್ಲದ ಗಟ್ಟಿ ರಸ್ತೆ, ಅಷ್ಟು ದೂರ ಫೋರ್ ಹೈನಲ್ಲಿ ಓಡಿಸುವುದು ಗಾಡಿಗೆ ಹಿಂಸೆ. ಉತ್ತರ ದ್ವಾರದಿಂದ ಹೊರಬಿದ್ದೊಡನೆ, ಸಮುದ್ರಮಟ್ಟದಿಂದ 3,000 ಮೀಟರಿಗೂ ಮೇಲೆ, ಸಿಸ್ಸುವಿನ ದಾರಿಯಲ್ಲಿ ಮತ್ತೆ ಹಿಮ. ಹಬ್‌ಗಳು ಮೊದಲೇ ಲಾಕ್ ಆಗಿದ್ದರಿಂದ ಈ ಎರಡು ಬದಲಾವಣೆಗಳಿಗೂ ನಾನು ಲಿವರನ್ನು ಮಾತ್ರ ಮುಟ್ಟಬೇಕಾಯಿತು. ಹಬ್ ಲಾಕ್ ಆಗಿ ಲಿವರ್ ಟು ಹೈನಲ್ಲಿದ್ದಾಗ ಮುಂದಿನ ಶಾಫ್ಟುಗಳು ಚಕ್ರದ ಜೊತೆಗೇ ತಿರುಗುತ್ತಿರುತ್ತವೆ, ಆದರೆ ಎಂಜಿನ್ನಿಗೆ ಜೋಡಣೆಯಾಗಿರುವುದಿಲ್ಲ; ಹಾಗಾಗಿ ಒಣ ರಸ್ತೆಯ ತಿರುವಿನಲ್ಲೂ ಬಿಗಿತ ಬರುವುದಿಲ್ಲ. ಫೋರ್ ಹೈ ಬೇಕಾದಾಗ ಎರಡೂ ಶಾಫ್ಟುಗಳು ಆಗಲೇ ಸಮವೇಗದಲ್ಲಿರುವುದರಿಂದ, ಸಾಧಾರಣ ವೇಗದಲ್ಲಿ, ಗಾಡಿ ನೇರವಾಗಿ ಸಾಗುತ್ತಿರುವಾಗ, ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದರೆ ಲಿವರ್ ಸದ್ದಿಲ್ಲದೆ ಕೂರುತ್ತದೆ. ಹಬ್ ಫ್ರೀ ಇದ್ದಾಗ ಇದನ್ನೇ ಮಾಡಿದರೆ, ನಿಂತಿರುವ ಶಾಫ್ಟನ್ನು ತಿರುಗುತ್ತಿರುವ ಗೇರಿಗೆ ಒಮ್ಮೆಲೇ ತಾಗಿಸಿದಂತಾಗಿ ಹಲ್ಲುಗಳು ಕರಕರನೆ ಅರೆಯುತ್ತವೆ. ಹಬ್ ಲಾಕ್ ಮಾಡಲು ನಿಲ್ಲಲೇಬೇಕು. ಆದರೆ ಹಿಮದ ಏರಿನಲ್ಲಿ ನಿಂತ ಗಾಡಿ ಮತ್ತೆ ಹೊರಡುತ್ತದೆ ಎಂಬ ಭರವಸೆ ಇಲ್ಲ, ಹಿಂದೆ ಬರುವ ಗಾಡಿಗೆ ಬ್ರೇಕ್ ಹಿಡಿಯುತ್ತದೆ ಎಂಬ ಭರವಸೆ ಇನ್ನೂ ಕಡಿಮೆ. ಹಿಂದಿರುಗುವಾಗ ಭಾವನವರೇ ಸ್ಟೀರಿಂಗ್ ಹಿಡಿದರು. ಸುರಂಗದ ಎರಡೂ ತುದಿಯಲ್ಲಿ ಲಿವರ್ ಬದಲಿಸಿದ್ದು ನನಗೆ ತಿಳಿಯದಷ್ಟು ನಯವಾಗಿತ್ತು.

ಇಷ್ಟು ಮಾಡಿದ ಮೇಲೆ ಗಾಡಿಯ ಮೇಲೆ ಭರವಸೆ ಬರುವುದು ಸಹಜ, ಆದರೆ ಆ ಭರವಸೆಗೆ ಸ್ಪಷ್ಟವಾದ ಮಿತಿಯಿದೆ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಗಾಡಿಗಳಲ್ಲೂ ನಾಲ್ಕೂ ಚಕ್ರಗಳಿಗೆ ಹಿಡಿಯುವಂಥದ್ದೇ. ಒಣ ಟಾರಿನಲ್ಲಿ ಟೈರಿನ ಹಿಡಿತವನ್ನು 0.7 ಎಂದೂ ಮಂಜುಗಡ್ಡೆಯ ಮೇಲೆ 0.1 ಎಂದೂ ಇಟ್ಟುಕೊಂಡರೆ, 40 ಕಿ.ಮೀ. ವೇಗದಲ್ಲಿರುವ ಗಾಡಿ ಬ್ರೇಕ್ ಹಿಡಿದಲ್ಲಿಂದ ಒಣ ರಸ್ತೆಯಲ್ಲಿ ಸುಮಾರು 9 ಮೀಟರಿನಲ್ಲಿ ನಿಂತರೆ, ಮಂಜುಗಡ್ಡೆಯಲ್ಲಿ ನಿಲ್ಲಲು ಸುಮಾರು 63 ಮೀಟರ್ ಬೇಕು. ಟು ಹೈನಲ್ಲಿ ಹೋಗುವವನಿಗೆ ಹಿಂದಿನ ಚಕ್ರ ಜಾರಿ ಎಚ್ಚರಿಕೆ ಸಿಗುವ ಜಾಗದಲ್ಲಿ, ಫೋರ್ ಹೈನಲ್ಲಿರುವವನಿಗೆ ಯಾವ ಸೂಚನೆಯೂ ಸಿಗದೆ ವೇಗ ಏರಿರುತ್ತದೆ. ಆದುದರಿಂದ ಹಿಮದ ಮೇಲೆ ಮೊದಲು ಬ್ರೇಕನ್ನು ಮೆಲ್ಲನೆ ಒತ್ತಿ ರಸ್ತೆಯ ಹಿಡಿತ ಎಷ್ಟಿದೆ ಎಂದು ನೋಡಿಕೊಂಡೇ ಮುಂದುವರಿಯುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಇಳಿಜಾರಿನಲ್ಲಿ ಮಾತ್ರ ಈ ವ್ಯವಸ್ಥೆಯಿಂದ ನಿಜವಾದ ಸಹಾಯವಿದೆ. ಎರಡೂ ಆಕ್ಸೆಲ್‌ಗಳು ಜೋಡಣೆಯಾಗಿರುವುದರಿಂದ ಎಂಜಿನ್ನಿನ ತಡೆ ನಾಲ್ಕು ಚಕ್ರಗಳಿಗೆ ಹಂಚಿಹೋಗಿ, ಹಿಂಭಾಗ ಅಡ್ಡ ತಿರುಗುವುದು ಕಡಿಮೆಯಾಗುತ್ತದೆ. ಚೈನು ಕಟ್ಟುವುದಾದರೆ ನಾಲ್ಕೂ ಚಕ್ರಗಳಿಗೆ ಕಟ್ಟುವುದು ಉತ್ತಮ. ಮುಂದಕ್ಕೆ ಮಾತ್ರ ಕಟ್ಟಿದರೆ ಇಳಿಯುವಾಗ ಹಿಂಭಾಗ ಬೀಸುತ್ತದೆ, ಹಿಂದಕ್ಕೆ ಮಾತ್ರ ಕಟ್ಟಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ.

ಈಗ ಹಬ್‌ನ ಒಳಗಿನ ಗ್ರೀಸಿನ ವಿಷಯ. ಕರಾವಳಿಯಿಂದ ಚಳಿನಾಡಿಗೆ ಹೋಗುವವರು ಅತ್ಯಂತ ಗಮನ ಕೊಡಬೇಕಾದದ್ದು ಇದಕ್ಕೆ ಎಂಬುದು ನನ್ನ ನಂಬಿಕೆ. ನಮ್ಮಲ್ಲಿ ಹಬ್ ಬಿಚ್ಚಿದರೆ ಅದರೊಳಗೆ ಬೇರಿಂಗ್ ಗ್ರೀಸನ್ನು ಮುದ್ದೆಯಾಗಿ ತುಂಬುವ ಅಭ್ಯಾಸ ಕೆಲವು ವರ್ಕ್‌ಶಾಪುಗಳಲ್ಲಿದೆ. ಬೇರಿಂಗಿಗೆ ಗ್ರೀಸ್ ಧಾರಾಳವಾಗಿ ಬೇಕು ನಿಜ, ಆದರೆ ಜಾರುವ ಉಂಗುರಕ್ಕೂ ನಾಬಿಗೂ ತೆಳುವಾದ ಲೇಪ ಸಾಕು. ಉಡುಪಿಯ 32 ಡಿಗ್ರಿ ಸೆಕೆಯಲ್ಲಿ ದಪ್ಪ ಗ್ರೀಸ್ ಮೆತ್ತಗಿದ್ದು ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಅದೇ ಗ್ರೀಸ್ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಗಟ್ಟಿಯಾದಾಗ ಸ್ಪ್ರಿಂಗಿಗೆ ಉಂಗುರವನ್ನು ಪೂರ್ತಿ ತಳ್ಳುವ ಶಕ್ತಿ ಸಾಲುವುದಿಲ್ಲ. ನಾಬ್ ‘ಲಾಕ್’ ತೋರಿಸುತ್ತದೆ, ಒಳಗೆ ಹಲ್ಲುಗಳು ಅರ್ಧ ಮಾತ್ರ ಕಚ್ಚಿರುತ್ತವೆ, ಮೊದಲ ಭಾರದ ಏರಿನಲ್ಲಿ ಅವುಗಳ ತುದಿ ಉರುಟಾಗುತ್ತದೆ. ಇನ್ನೊಂದು ತೊಂದರೆ ನೀರಿನದು. ಮಳೆಗಾಲದಲ್ಲಿ ತೋಡು ದಾಟುವಾಗ ಹಳೆಯ ಗ್ಯಾಸ್ಕೆಟಿನ ಸಂದಿಯಿಂದ ಒಳಸೇರಿದ ನೀರು ಇಲ್ಲಿ ಗ್ರೀಸನ್ನು ಹಾಲಿನ ಬಣ್ಣಕ್ಕೆ ತಿರುಗಿಸಿ ಸುಮ್ಮನಿರುತ್ತದೆ. ಅಲ್ಲಿ ರಾತ್ರೋರಾತ್ರಿ ಹೆಪ್ಪುಗಟ್ಟಿ ನಾಬನ್ನೇ ಹಿಡಿದುಬಿಡುತ್ತದೆ. ಹೊರಡುವ ಮೊದಲು ಉಡುಪಿಯ ನನ್ನ ಮೆಕ್ಯಾನಿಕ್ ಅಣ್ಣ ಎರಡೂ ಹಬ್‌ಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿದರು. “ಇಲ್ಲಿ ಗ್ರೀಸ್ ಜಾಸ್ತಿ ಹಾಕಿದರೆ ಕೆಲಸ ಜಾಸ್ತಿ ಮಾಡಿದ ಹಾಗೆ ಕಾಣುತ್ತದೆ ಮಾರಾಯ್ರೆ, ಅಷ್ಟೇ. ಇದಕ್ಕೆ ಬೆರಳಲ್ಲಿ ಸವರಿದಷ್ಟು ಸಾಕು,” ಎಂದು ಅವರು ಹೇಳಿದ್ದನ್ನು ಎಲ್ಲ ಜಿಪ್ಸಿ ಮಾಲೀಕರಿಗೂ ತಲುಪಿಸಬೇಕೆನ್ನಿಸುತ್ತದೆ.

ನಾಬನ್ನು ಯಾವಾಗಲೂ ಕೈಯಿಂದಲೇ ತಿರುಗಿಸಬೇಕು. ಕಟಿಂಗ್ ಪ್ಲೇಯರ್ ಹಾಕಿದರೆ ನಾಬಿನ ಕಿವಿ ಮುರಿಯುತ್ತದೆ. ಅದರ ಬಿಡಿಭಾಗ ಹುಡುಕುವುದು ಈಗ ಸುಲಭವಲ್ಲ, ಏಕೆಂದರೆ 1985ರಲ್ಲಿ ಬಂದ ಜಿಪ್ಸಿಯ ತಯಾರಿಕೆ ನಿಂತು ವರ್ಷಗಳಾಗಿವೆ. ನಾಬ್ ಕೊನೆಯವರೆಗೆ ಹೋಗದಿದ್ದರೆ ಹಲ್ಲುಗಳು ಎದುರುಬದುರಾಗಿ ನಿಂತಿವೆ ಎಂದು ತಿಳಿದು, ಗಾಡಿಯನ್ನು ಒಂದಡಿ ಹಿಂದೆ ಮುಂದೆ ಮಾಡಿ ಮತ್ತೆ ಪ್ರಯತ್ನಿಸಬೇಕು. ಚಳಿಯಲ್ಲಿ ಬರಿಗೈಗೆ ಲೋಹ ಕಚ್ಚುತ್ತದೆ. ತೆಳುವಾದ ಕೈಗವಸು ಡ್ಯಾಶ್‌ಬೋರ್ಡಿನಲ್ಲಿಯೇ ಇರಲಿ. ಎರಡೂ ಹಬ್‌ಗಳು ನಿಜವಾಗಿ ಹಿಡಿದಿವೆಯೇ ಎಂದು ತಿಳಿಯಲು ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಸಮನೆಲದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಲಿವರನ್ನು ಟು ಹೈನಲ್ಲಿಟ್ಟು, ಎರಡೂ ಹಬ್ ಲಾಕ್ ಮಾಡಿ, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ತಿರುಗಿಸಿದರೆ ಕೆಳಗಿನ ಪ್ರೊಪೆಲರ್ ಶಾಫ್ಟ್ ಕೂಡ ತಿರುಗಬೇಕು. ತಿರುಗದಿದ್ದರೆ ಒಂದು ಬದಿ ಹಿಡಿದಿಲ್ಲ ಎಂದರ್ಥ.

ಗಾಡಿಯ ಉಳಿದ ಸಿದ್ಧತೆಯನ್ನು ಚುಟುಕಾಗಿ ಹೇಳುತ್ತೇನೆ. ನಮ್ಮೂರಿನಲ್ಲಿ ರೇಡಿಯೇಟರಿಗೆ ಬಾವಿ ನೀರು ತುಂಬಿ ವರ್ಷಗಟ್ಟಲೆ ಓಡಿಸುವವರಿದ್ದಾರೆ; ಆ ನೀರು ಹಿಮಾಚಲದ ರಾತ್ರಿಯಲ್ಲಿ ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕ್ ಸೀಳುತ್ತದೆ. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಪ್ರತಿ 10 ಡಿಗ್ರಿ ತಾಪ ಇಳಿದಾಗ ಟೈರಿನ ಗಾಳಿ ಒಂದರಿಂದ ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ, ಆದ್ದರಿಂದ ಗಾಳಿಯನ್ನು ಅಲ್ಲಿ ತಲುಪಿದ ಮೇಲೆ ಬೆಳಗಿನ ಚಳಿಯಲ್ಲಿ ನೋಡಬೇಕು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಒದ್ದೆ ಲೈನರ್ ಹೆಪ್ಪುಗಟ್ಟಿ ಬಿಡುವುದೇ ಇಲ್ಲ; ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದೇ ಸರಿ.

ಊರಿಗೆ ಮರಳಿದ ಮೇಲೆ ಹಬ್‌ಗಳನ್ನು ಫ್ರೀ ಮಾಡಿ ಮರೆತುಬಿಡುವುದು ಸುಲಭ, ಆದರೆ ಕರಾವಳಿಯಲ್ಲಿ ಹಾಗೆ ಮರೆಯುವಂತಿಲ್ಲ. ಶೀತ ದೇಶಗಳಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಗಾಡಿಯ ಅಡಿಭಾಗವನ್ನು ತಿನ್ನುತ್ತದೆ. ಮಲ್ಪೆ, ಕಾಪು, ತಣ್ಣೀರುಬಾವಿಯ ಗಾಳಿ ಅದೇ ಕೆಲಸವನ್ನು ವರ್ಷವಿಡೀ ಮಾಡುತ್ತದೆ. ಅಲ್ಯೂಮಿನಿಯಂ ಹಬ್‌ಗೆ ಕಬ್ಬಿಣದ ಬೋಲ್ಟ್ ಕೂಡಿದಲ್ಲಿ ಉಪ್ಪಿನ ತೇವ ಸೇರಿ ಬಿಳಿಪುಡಿ ಏಳುತ್ತದೆ. ಬೋಲ್ಟ್ ಕಚ್ಚಿಕೊಂಡು, ಬಿಚ್ಚಲು ಹೋದರೆ ತಲೆ ಮುರಿಯುತ್ತದೆ. ಆದುದರಿಂದ ಬೋಲ್ಟಿನ ತಿರುಪಿನ ಸುತ್ತುಗಳಿಗೆ ತುಸು ಗ್ರೀಸ್ ಸವರಿ ಕೂಡಿಸುವಂತೆ ವರ್ಕ್‌ಶಾಪಿನಲ್ಲಿ ನಿಂತು ಹೇಳಿ ಮಾಡಿಸುತ್ತೇನೆ. ತಿಂಗಳಿಗೊಮ್ಮೆ ಹಬ್‌ಗಳನ್ನು ಲಾಕ್ ಮಾಡಿ, ಟು ಹೈನಲ್ಲಿಯೇ ಒಂದಷ್ಟು ದೂರ ಓಡಿಸಿ, ಮುಂದಿನ ಕ್ರೌನಿನ ತಳದಲ್ಲಿ ನಿಂತ ಎಣ್ಣೆ ಮೇಲಿನ ಗೇರುಗಳಿಗೂ ಸೀಲುಗಳಿಗೂ ತಾಗುವಂತೆ ಮಾಡುತ್ತೇನೆ. ನಮ್ಮ ಮನೆಯ ಹಿಂದಿನ ಗುಡ್ಡೆಯ ಮಣ್ಣಿನ ದಾರಿಯಲ್ಲಿ ಫೋರ್ ಹೈ, ಫೋರ್ ಲೋ ಎರಡನ್ನೂ ಹಾಕಿ ತೆಗೆದು ನೋಡುತ್ತೇನೆ. ಈ ಸಲ ಹಬ್ ಬಿಚ್ಚಿ ನೋಡಿದಾಗ ಎಡಬದಿಯ ಗ್ರೀಸ್ ಶುದ್ಧವಾಗಿತ್ತು, ಬಲಬದಿಯದು ಅಂಚಿನಲ್ಲಿ ತುಸು ಬೆಳ್ಳಗಾಗಿತ್ತು. ಬಲಬದಿಗೆ ಮತ್ತೊಂದು ಹೊಸ ಗ್ಯಾಸ್ಕೆಟ್ ಹಾಕಿಸಿದ್ದೇನೆ; ಜೂನ್ ತಿಂಗಳ ಮಳೆ ಹಿಡಿಯುವ ಮುನ್ನ ಎರಡನ್ನೂ ಇನ್ನೊಮ್ಮೆ ಬಿಚ್ಚಿಸಿ ನೋಡುವುದಾಗಿ ಮೆಕ್ಯಾನಿಕ್ ಅಣ್ಣನಿಗೆ ಹೇಳಿ ಬಂದಿದ್ದೇನೆ.